ಸಿಮಿ: ಕಡಲ ತಳದ ಸಂಪತ್ತು ಕಟ್ಟಿದ ಊರು

ಗ್ರೀಸಿನ ದ್ವೀಪ ಎಂದೊಡನೆ ಭಾರತದ ಪ್ರವಾಸಿಗರ ಕಣ್ಣಮುಂದೆ ಬರುವುದು ಸಾಂಟೊರಿನಿಯ ಬಿಳಿ ಗೋಡೆ ಮತ್ತು ನೀಲಿ ಗುಮ್ಮಟಗಳ ಚಿತ್ರ. ಸುಣ್ಣ ಬಳಿದ ಆ ಮನೆಗಳು ಏಜಿಯನ್ ಸಮುದ್ರದ ನಡುಭಾಗದಲ್ಲಿರುವ ಸಿಕ್ಲಾಡಿಸ್ ಎಂಬ ದ್ವೀಪಸಮೂಹದ ವೈಶಿಷ್ಟ್ಯವೇ ಹೊರತು ಗ್ರೀಸಿನ ಎಲ್ಲ ದ್ವೀಪಗಳ ಲಕ್ಷಣವಲ್ಲ. ಅದೇ ಸಮುದ್ರದ ಆಗ್ನೇಯ ಮೂಲೆಯಲ್ಲಿ, ರೋಡ್ಸ್ ದ್ವೀಪದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಟರ್ಕಿಯ ಕರಾವಳಿ ಬರಿಗಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಸಿಮಿ ಎಂಬ ಪುಟ್ಟ ದ್ವೀಪವಿದೆ. ದೊಡೆಕನೀಸ್ ಎಂದು ಕರೆಯಲಾಗುವ ದ್ವೀಪಸಮೂಹಕ್ಕೆ ಸೇರಿದ ಇದರ ವಿಸ್ತೀರ್ಣ ಸುಮಾರು 58 ಚದರ ಕಿಲೋಮೀಟರ್, ಜನಸಂಖ್ಯೆ ಎರಡೂವರೆ ಸಾವಿರಕ್ಕಿಂತ ತುಸು ಹೆಚ್ಚು. ಇಷ್ಟು ಚಿಕ್ಕ ದ್ವೀಪದ ಏಕೈಕ ದೊಡ್ಡ ಊರು, ಸಮುದ್ರದ ಹಳ್ಳಿಯೊಂದು ಹೇಗೆ ಹುಟ್ಟುತ್ತದೆ, ಯಾವುದರಿಂದ ಶ್ರೀಮಂತವಾಗುತ್ತದೆ, ಯಾರ ದೇಹ ಸವೆಸಿ ಬೆಳೆಯುತ್ತದೆ ಎಂಬುದನ್ನು ಅರಿಯಲು ಏಜಿಯನ್ ಸಮುದ್ರದಲ್ಲಿರುವ ಅತ್ಯುತ್ತಮ ತಾಣಗಳಲ್ಲಿ ಒಂದಾಗಿದೆ.

ಸಿಮಿಗೆ ವಿಮಾನ ನಿಲ್ದಾಣವಿಲ್ಲ; ಬರುವವರೆಲ್ಲ ಸಮುದ್ರದ ಮೂಲಕವೇ ಬರಬೇಕು. ಹಡಗು ಬೋಳು ಬೆಟ್ಟಗಳ ಅಂಚಿನಲ್ಲಿ ಸಾಗುವಾಗ ಅಲ್ಲಿ ಮನುಷ್ಯವಾಸವಿರಬಹುದೆಂಬ ಸುಳಿವೇ ಇರುವುದಿಲ್ಲ. ಕೊನೆಯ ತಿರುವು ದಾಟಿದ ಬಳಿಕವೇ ಯಾಲೋಸ್ ಎಂಬ ಬಂದರು ಒಮ್ಮೆಲೇ ತೆರೆದುಕೊಂಡು, ಕಿರಿದಾದ ಕೊಲ್ಲಿಯ ಎರಡೂ ಬದಿಗೆ ನೀರಿನ ಅಂಚಿನಿಂದ ಬೆಟ್ಟದ ನೆತ್ತಿಯವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರಿದ ನೂರಾರು ಮನೆಗಳು ಕಾಣಿಸುತ್ತವೆ. ಅವುಗಳ ಬಣ್ಣ ಕೆನೆ, ಕಾವಿ, ಮಾಸಲು ಗುಲಾಬಿ ಅಥವಾ ತಿಳಿನೀಲಿಯಾಗಿದ್ದು, ಕಿಟಕಿಗಳ ಅಚ್ಚುಕಟ್ಟಾದ ಸಾಲು, ಸಣ್ಣ ಕಬ್ಬಿಣದ ಉಪ್ಪರಿಗೆ ಕಟಕಟೆ, ಹೆಂಚಿನ ಮಾಡಿನ ಮುಂಭಾಗದಲ್ಲಿ ಪುರಾತನ ಗ್ರೀಕ್ ದೇವಾಲಯಗಳನ್ನು ನೆನಪಿಸುವ ತ್ರಿಕೋನಾಕಾರದ ಮುಖ, ಆ ತ್ರಿಕೋನದ ನಡುವೆ ಒಂದು ದುಂಡು ಗವಾಕ್ಷಿ, ಇವಿಷ್ಟು ಹೆಚ್ಚು ಕಡಿಮೆ ಪ್ರತಿಯೊಂದು ಮನೆಯಲ್ಲೂ ಇವೆ. ನವಶಾಸ್ತ್ರೀಯ ಎಂದು ಕರೆಯಲಾಗುವ ಈ ಶೈಲಿ, ಪ್ರಾಚೀನ ಗ್ರೀಕ್ ಮತ್ತು ರೋಮನ್ ಕಟ್ಟಡಗಳ ಅಳತೆ, ಸಮತೋಲನಗಳನ್ನು ಮತ್ತೆ ಬಳಕೆಗೆ ತಂದ ಯುರೋಪಿನ ವಾಸ್ತುಪದ್ಧತಿಯಾಗಿದ್ದು, ಸ್ವತಂತ್ರ ಗ್ರೀಸ್ 1834ರಲ್ಲಿ ಅಥೆನ್ಸನ್ನು ರಾಜಧಾನಿಯಾಗಿ ಮಾಡಿಕೊಂಡ ನಂತರ ಅಲ್ಲಿಯ ಸರ್ಕಾರಿ ಕಟ್ಟಡಗಳ ಮೂಲಕ ಪ್ರಚಾರಕ್ಕೆ ಬಂತು. ಸಿಮಿ ಆಗ ಗ್ರೀಸಿಗೆ ಸೇರಿರಲಿಲ್ಲ. 1522ರಲ್ಲಿ ರೋಡ್ಸನ್ನು ಗೆದ್ದ ಒಟ್ಟೊಮನ್ ಸುಲ್ತಾನರ ಅಧೀನದಲ್ಲೇ ಇದ್ದ ಈ ದ್ವೀಪದ ವರ್ತಕರು ಅಥೆನ್ಸಿನ ಮಾದರಿಯಲ್ಲಿ ಮನೆ ಕಟ್ಟಿಸಿದ್ದರಲ್ಲಿ ಕೇವಲ ಅಭಿರುಚಿಯಷ್ಟೇ ಅಲ್ಲ, ತಾವು ಯಾರವರು ಎಂಬ ಘೋಷಣೆಯೂ ಇತ್ತೆಂದು ತಿಳಿಯುವುದು ಸರಿಯಾದೀತು.

ಇಂಥ ಮನೆಗಳನ್ನು ಕಟ್ಟಿಸಲು ಬೇಕಾದ ಹಣ ಎಲ್ಲಿಂದ ಬಂತೆಂಬುದು ದ್ವೀಪದ ನೆಲವನ್ನು ನೋಡಿದವರಿಗೆ ಸಹಜವಾಗಿ ಮೂಡುವ ಪ್ರಶ್ನೆ. ಅಲ್ಲಿ ನದಿಯಿಲ್ಲ, ಹೇಳಿಕೊಳ್ಳುವಂಥ ಹೊಲಗದ್ದೆಗಳಿಲ್ಲ. ಸುಣ್ಣಕಲ್ಲಿನ ಬೆಟ್ಟಗಳ ಮೇಲೆ ಕಾಡು ಓಮದಂತೆ ಘಮಘಮಿಸುವ ಗಿಡಗಂಟಿ, ಅಲ್ಲಲ್ಲಿ ಆಲಿವ್ ಮತ್ತು ಬಾದಾಮಿ ಮರಗಳು, ಆಡುಗಳ ಮಂದೆ, ಇವನ್ನು ಬಿಟ್ಟರೆ ಆದಾಯದ ಮೂಲ ಕಾಣದು. ಹೀಗಾಗಿ ಸಿಮಿಯವರು ಎರಡು ಕಸುಬುಗಳನ್ನು ನೆಚ್ಚಿಕೊಂಡರು. ಒಂದು, ಮರದ ಹಡಗು ಕಟ್ಟುವುದು. ಬಂದರಿನ ಪಕ್ಕದ ಹರಾನಿ ಎಂಬ ಸಣ್ಣ ಕೊಲ್ಲಿಯಲ್ಲಿ ಈ ಕೆಲಸ ನಡೆಯುತ್ತಿತ್ತು, ಇಂದಿಗೂ ಅಲ್ಲಿ ದೋಣಿಗಳನ್ನು ದಡಕ್ಕೆಳೆದು ದುರಸ್ತಿ ಮಾಡುವುದನ್ನು ಕಾಣಬಹುದು. ಇನ್ನೊಂದು, ಸಮುದ್ರದ ತಳಕ್ಕೆ ಮುಳುಗಿ ಸ್ಪಂಜನ್ನು ಕಿತ್ತು ತರುವುದು. ದ್ವೀಪದ ಭಾಗ್ಯವನ್ನೂ ದುಃಖವನ್ನೂ ನಿರ್ಧರಿಸಿದ್ದು ಈ ಎರಡನೆಯ ಕಸುಬು.

ಇಂದು ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಸ್ಪಂಜು ಬಳಕೆಗೆ ಬರುವ ಎಷ್ಟೋ ಶತಮಾನಗಳ ಮೊದಲಿನಿಂದ ಮೆಡಿಟರೇನಿಯನ್ ನಾಡುಗಳಲ್ಲಿ ಸ್ನಾನಕ್ಕೆ, ಮೇಜು ಒರೆಸಲು, ಗಾಯ ತೊಳೆಯಲು ಬಳಕೆಯಲ್ಲಿದ್ದದ್ದು ನೈಸರ್ಗಿಕ ಸ್ಪಂಜು. ಹೋಮರನ ಮಹಾಕಾವ್ಯಗಳಲ್ಲೇ ಅದರ ಉಲ್ಲೇಖವಿದೆ; ಅವನ 'ಇಲಿಯಡ್' ಟ್ರಾಯ್ ಯುದ್ಧಕ್ಕೆ ಮೂರು ಹಡಗುಗಳನ್ನು ತಂದ ಸಿಮಿಯ ಅರಸು ನೈರಿಯಸ್‌ನನ್ನೂ ಹೆಸರಿಸುತ್ತದೆ. ಗಿಡದಂತೆ ಕಲ್ಲಿಗೆ ಅಂಟಿಕೊಂಡು ಬೆಳೆಯುವ ಸ್ಪಂಜು ವಾಸ್ತವವಾಗಿ ಒಂದು ಪ್ರಾಣಿ. ಬಾಯಿ, ಹೊಟ್ಟೆ, ನರಗಳು ಯಾವುವೂ ಇಲ್ಲದ ಈ ಜೀವಿ ತನ್ನ ಮೈತುಂಬ ಇರುವ ರಂಧ್ರಗಳ ಮೂಲಕ ಸಮುದ್ರದ ನೀರನ್ನು ಎಳೆದುಕೊಂಡು, ಅದರಲ್ಲಿರುವ ಸೂಕ್ಷ್ಮ ಆಹಾರಕಣಗಳನ್ನು ಸೋಸಿ, ಉಳಿದ ನೀರನ್ನು ಹೊರಹಾಕುತ್ತ ಬದುಕುತ್ತದೆ. ಮನುಷ್ಯನಿಗೆ ಬೇಕಾದದ್ದು ಅದರ ಮೃದುವಾದ ನಾರಿನ ಅಸ್ಥಿಪಂಜರ ಮಾತ್ರ. ನೀರಿನಿಂದ ಮೇಲೆ ತಂದಾಗ ಅದು ಕಪ್ಪು ಚರ್ಮದಿಂದ ಮುಚ್ಚಿದ, ಲೋಳೆ ಸುರಿಯುವ, ಕೆಟ್ಟ ವಾಸನೆಯ ಗಡ್ಡೆಯಂತಿರುತ್ತದೆ. ದೋಣಿಯ ಅಟ್ಟದ ಮೇಲೆ ಅದನ್ನು ಬರಿಗಾಲಲ್ಲಿ ತುಳಿದು ಒಳಗಿನ ಹಾಲಿನಂಥ ದ್ರವವನ್ನು ಹೊರಗೆ ಹಿಂಡುತ್ತಿದ್ದರು; ಬಳಿಕ ಹಗ್ಗಕ್ಕೆ ಪೋಣಿಸಿ ಸಮುದ್ರದಲ್ಲಿ ಇಳಿಬಿಟ್ಟು, ಕೊಳೆತ ಚರ್ಮವನ್ನು ಕೆರೆದು, ಬಡಿದು, ಮತ್ತೆ ತೊಳೆದು ಒಣಗಿಸುತ್ತಿದ್ದರು. ಊರಿಗೆ ಬಂದ ಮೇಲೆ ಕುರಿಯ ಉಣ್ಣೆ ಕತ್ತರಿಸುವಂಥ ದೊಡ್ಡ ಕತ್ತರಿಯಿಂದ ಅಂಚುಗಳನ್ನು ಸವರಿ, ಗಾತ್ರ ಮತ್ತು ನಯ ನೋಡಿ ಬೇರೆ ಬೇರೆ ಮಾಡಿ ಮಾರುಕಟ್ಟೆಗೆ ಕಳಿಸುತ್ತಿದ್ದರು.

ಹಳೆಯ ಕಾಲದ ಮುಳುಗುಗಾರರ ಬಳಿ ಇದ್ದ ಮುಖ್ಯ ಸಾಧನ ಒಂದು ಕಲ್ಲು. 'ಸ್ಕಂದಲೋಪೆತ್ರ' ಎಂದು ಕರೆಯಲಾಗುತ್ತಿದ್ದ, ಹತ್ತು ಹದಿನೈದು ಕಿಲೋ ತೂಗುವ, ಅಂಚುಗಳನ್ನು ಉಜ್ಜಿ ನಯಗೊಳಿಸಿದ ಆ ಚಪ್ಪಟೆ ಕಲ್ಲಿಗೆ ತೂತು ಕೊರೆದು ಹಗ್ಗ ಕಟ್ಟಿರುತ್ತಿದ್ದರು. ತಳ ಗಾಜಿನದಾಗಿದ್ದ ಬಕೆಟ್ಟನ್ನು ನೀರಿನ ಮೇಲಿಟ್ಟು ಸ್ಪಂಜಿರುವ ಜಾಗವನ್ನು ಗುರುತಿಸಿಕೊಂಡ ಬಳಿಕ, ಮುಳುಗುವವನು ಉಸಿರು ತುಂಬಿಕೊಂಡು ಆ ಕಲ್ಲನ್ನು ಎರಡೂ ಕೈಗಳಿಂದ ಮುಂದೆ ಚಾಚಿ ಹಿಡಿದು ತಲೆಕೆಳಗಾಗಿ ನೀರಿಗೆ ಬೀಳುತ್ತಿದ್ದ. ಕಲ್ಲಿನ ಭಾರ ಅವನನ್ನು ಕೆಳಗೆ ಒಯ್ಯುತ್ತಿತ್ತು, ಅದನ್ನು ಓರೆ ಮಾಡಿದರೆ ದಿಕ್ಕು ಬದಲಾಗುತ್ತಿತ್ತು. ತಳದಲ್ಲಿ ಸ್ಪಂಜುಗಳನ್ನು ಕಿತ್ತು ಬಲೆಚೀಲಕ್ಕೆ ತುಂಬಿ, ಕಲ್ಲಿನ ಮೇಲೆ ನಿಂತು ಹಗ್ಗವನ್ನು ಜಗ್ಗಿದರೆ, ದೋಣಿಯಲ್ಲಿದ್ದ ಜೊತೆಗಾರ ಅವನನ್ನು ಕಲ್ಲಿನ ಸಮೇತ ಮೇಲಕ್ಕೆಳೆಯುತ್ತಿದ್ದ. ಒಬ್ಬನ ಪ್ರಾಣ ಇನ್ನೊಬ್ಬನ ಕೈಯಲ್ಲಿದ್ದ ಈ ವಿಧಾನದ ಪರಾಕಾಷ್ಠೆ 1913ರಲ್ಲಿ ಕಂಡುಬಂತು. ಇಟಲಿಯ 'ರೆಜಿನಾ ಮಾರ್ಗೆರಿಟಾ' ಎಂಬ ಯುದ್ಧನೌಕೆ ಕಾರ್ಪಥೋಸ್ ದ್ವೀಪದ ಬಳಿ ತನ್ನ ಲಂಗರನ್ನು ಕಳೆದುಕೊಂಡಾಗ, ಸಿಮಿಯ ಸ್ತಾತಿಸ್ ಹಾಜಿಸ್ ಎಂಬ ಮುಳುಗುಗಾರ ಕೇವಲ ಈ ಕಲ್ಲಿನ ನೆರವಿನಿಂದ ಎಂಬತ್ತು ಮೀಟರಿನ ಆಸುಪಾಸಿನ ಆಳದಲ್ಲಿ ಅದನ್ನು ಪತ್ತೆಹಚ್ಚಿ ಹಗ್ಗ ಕಟ್ಟಿ ಬಂದ. ಹಡಗಿನ ವೈದ್ಯರು ಪರೀಕ್ಷಿಸಿದಾಗ ಅವನ ಕಿವಿಯ ತಮಟೆಗಳು ಹಾಳಾಗಿದ್ದವು, ಶ್ವಾಸಕೋಶವೂ ಆರೋಗ್ಯವಾಗಿರಲಿಲ್ಲ. ದೇಹಶಾಸ್ತ್ರ ಆಗ ಅಸಾಧ್ಯವೆಂದುಕೊಂಡಿದ್ದ ಆಳದಿಂದ ಆ ಮನುಷ್ಯ ಜೀವಂತ ಮರಳಿದ್ದ.

ಆ ಹೊತ್ತಿಗೆ ಈ ಕಸುಬಿನ ಸ್ವರೂಪವನ್ನೇ ಬದಲಿಸಿದ್ದ ಯಂತ್ರವೊಂದು ದ್ವೀಪಕ್ಕೆ ಬಂದು ಅರ್ಧ ಶತಮಾನ ಕಳೆದಿತ್ತು. ತಾಮ್ರದ ಹೆಲ್ಮೆಟ್, ರಬ್ಬರ್ ಲೇಪಿಸಿದ ದಪ್ಪ ಬಟ್ಟೆಯ ಉಡುಪು, ಸೀಸದ ತಳದ ಬೂಟುಗಳು ಮತ್ತು ಮೇಲಿನಿಂದ ಕೈಪಂಪಿನ ಮೂಲಕ ಗಾಳಿ ಒದಗಿಸುವ ಕೊಳವೆ, ಇವುಗಳನ್ನೊಳಗೊಂಡ ಮುಳುಗುಡುಪು ಇಂಗ್ಲೆಂಡಿನಲ್ಲಿ 1830ರ ದಶಕದಲ್ಲಿ ರೂಪುಗೊಂಡು, 1860ರ ದಶಕದಲ್ಲಿ ಸಿಮಿಗೆ ತಲುಪಿತು. ಫೋತಿಸ್ ಮಾಸ್ತೋರಿದಿಸ್ ಎಂಬ ಸಿಮಿಯವನು ಅದನ್ನು ತಂದನೆಂದೂ, ಊರಿನ ಮುಳುಗುಗಾರರು ಅದನ್ನು ತೊಡಲು ಹೆದರಿದಾಗ ಅವನ ಹೆಂಡತಿ ಎವ್ಗೆನಿಯಾ ಗರ್ಭಿಣಿಯಾಗಿದ್ದರೂ ತಾನೇ ಆ ಉಡುಪು ತೊಟ್ಟು ಬಂದರಿನಲ್ಲಿ ಮುಳುಗಿ ತೋರಿಸಿದಳೆಂದೂ ಸಿಮಿಯವರು ಹೇಳುತ್ತ ಬಂದಿದ್ದಾರೆ. ಉಸಿರು ಹಿಡಿದು ನಿಮಿಷಗಳ ಮಟ್ಟಿಗೆ ತಳದಲ್ಲಿರುತ್ತಿದ್ದವನು ಈಗ ದೀರ್ಘಕಾಲ ಅಲ್ಲಿ ನಡೆದಾಡಬಹುದಾಯಿತು. ಮೂಟೆಗಟ್ಟಲೆ ಸ್ಪಂಜು ಮೇಲೆ ಬಂತು. ಲಂಡನ್, ಪ್ಯಾರಿಸ್ ಮುಂತಾದ ನಗರಗಳ ಬೇಡಿಕೆಯಿಂದ ಬೆಲೆಯೂ ಏರಿ, ಯಾಲೋಸಿನ ದಕ್ಕೆಯ ಸುತ್ತ ವರ್ತಕರ ಮಹಡಿಮನೆಗಳು ಒಂದರ ಹಿಂದೊಂದರಂತೆ ಎದ್ದವು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಈ ಬೋಳು ದ್ವೀಪದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು.

ಈ ಸಮೃದ್ಧಿಗೆ ತೆತ್ತ ಬೆಲೆ ಭೀಕರವಾಗಿತ್ತು. ಆಳದ ನೀರಿನ ಒತ್ತಡದಲ್ಲಿ ಉಸಿರಾಡಿದ ಗಾಳಿಯೊಳಗಿನ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮನುಷ್ಯ ನಿಧಾನವಾಗಿ ಮೇಲೇರಿದರೆ ಅದು ಶ್ವಾಸದ ಮೂಲಕ ಹೊರಟುಹೋಗುತ್ತದೆ, ಅವಸರದಲ್ಲಿ ಮೇಲೆ ಬಂದರೆ ದೇಹದೊಳಗೇ ಗುಳ್ಳೆಗಳಾಗಿ ಮಾರ್ಪಟ್ಟು ರಕ್ತಸಂಚಾರವನ್ನು ತಡೆದು, ಬೆನ್ನುಹುರಿಯನ್ನು ಘಾಸಿಗೊಳಿಸಿ, ಪಾರ್ಶ್ವವಾಯು ಅಥವಾ ಸಾವನ್ನು ತರುತ್ತದೆ. ಫ್ರಾನ್ಸಿನ ಶರೀರವಿಜ್ಞಾನಿ ಪಾಲ್ ಬರ್ಟ್ 1878ರಲ್ಲಿ ಈ ಕಾರಣವನ್ನು ವಿವರಿಸಿದ. ಎಷ್ಟು ಆಳದಿಂದ ಎಷ್ಟು ಹೊತ್ತು ತಂಗಿ ತಂಗಿ ಏರಬೇಕೆಂಬ ಕೋಷ್ಟಕಗಳನ್ನು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಪ್ರಕಟಿಸುವ ಹೊತ್ತಿಗೆ 1908 ಆಗಿತ್ತು. ಅಷ್ಟರಲ್ಲಿ ಮುಳುಗುಡುಪು ತೊಟ್ಟು ಆಫ್ರಿಕಾದ ಉತ್ತರ ಕರಾವಳಿಯವರೆಗೆ ಹೋದ ಸಾವಿರಾರು ಯುವಕರು ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದರು ಅಥವಾ ಪರದೇಶದ ಮರಳಿನಲ್ಲಿ ಹುಗಿಯಲ್ಪಟ್ಟಿದ್ದರು. ದೋಣಿಗಳು ಈಸ್ಟರ್ ಹಬ್ಬ ಮುಗಿದೊಡನೆ ಹೊರಟು ಶರತ್ಕಾಲದಲ್ಲಿ ಮರಳುತ್ತಿದ್ದವು. ಹೊರಡುವ ಮುನ್ನವೇ ಮುಳುಗುಗಾರನಿಗೆ ಮುಂಗಡ ಹಣ ಸಿಗುತ್ತಿದ್ದು, ಮನೆಯ ಖರ್ಚಿಗೆ, ಹಳೆಯ ಸಾಲಕ್ಕೆ ಅದು ಕರಗಿಹೋಗಿ, ಅದನ್ನು ತೀರಿಸಲು ಅವನು ಇನ್ನಷ್ಟು ಆಳಕ್ಕೆ ಇಳಿಯಬೇಕಾಗುತ್ತಿತ್ತು. ದೊಡೆಕನೀಸಿನ ಸ್ಪಂಜು ದ್ವೀಪಗಳ ಜನ ಮುಳುಗುಡುಪನ್ನು ನಿಷೇಧಿಸಬೇಕೆಂದು ಮೊರೆಯಿಟ್ಟಿದ್ದರಿಂದ ಸುಲ್ತಾನನ ಸರ್ಕಾರ 1880ರ ದಶಕದ ಆರಂಭದಲ್ಲಿ ನಿಷೇಧವನ್ನು ಹೊರಡಿಸಿತಾದರೂ, ವ್ಯಾಪಾರದ ಒತ್ತಡದ ಮುಂದೆ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ನೆರೆಯ ಕಾಲಿಮ್ನೋಸ್ ದ್ವೀಪದಲ್ಲಿ ಇಂದಿಗೂ ಹಬ್ಬಗಳಲ್ಲಿ ಕುಣಿಯುವ 'ಮಿಹಾನಿಕೋಸ್' ಎಂಬ ನೃತ್ಯದಲ್ಲಿ ಮುಂದಾಳು ಕೋಲೂರಿ, ನಡುಗುವ ಕಾಲುಗಳನ್ನು ಎಳೆದುಕೊಂಡು ಹೆಜ್ಜೆಯಿಡುತ್ತಾನೆ; ಅದು ಪಾರ್ಶ್ವವಾಯು ಪೀಡಿತ ಮುಳುಗುಗಾರನ ನಡಿಗೆ.

ಸಿಮಿಯ ಈ ಜನರಿಗೆ ವಿಶ್ವದ ಪುರಾತತ್ತ್ವ ಶಾಸ್ತ್ರವೇ ಋಣಿಯಾಗಿರಬೇಕಾದ ಪ್ರಸಂಗವೊಂದಿದೆ. 1900ರ ವಸಂತದಲ್ಲಿ ಕ್ಯಾಪ್ಟನ್ ದಿಮಿತ್ರಿಯೋಸ್ ಕೊಂದೋಸ್‌ನ ನೇತೃತ್ವದ ಸಿಮಿಯ ಸ್ಪಂಜು ದೋಣಿಗಳು ಬಿರುಗಾಳಿಯಿಂದಾಗಿ ಕ್ರೀಟ್ ದ್ವೀಪದ ವಾಯವ್ಯಕ್ಕಿರುವ ಆಂಟಿಕಿಥೀರ ಎಂಬ ಸಣ್ಣ ದ್ವೀಪದ ಬಳಿ ತಂಗಿದ್ದಾಗ, ಎಲಿಯಾಸ್ ಸ್ತಾದಿಯಾತಿಸ್ ಎಂಬ ಮುಳುಗುಗಾರ ಸುಮಾರು 45 ಮೀಟರ್ ಆಳಕ್ಕಿಳಿದು, ತಳದಲ್ಲಿ ಮನುಷ್ಯರ ಮತ್ತು ಕುದುರೆಗಳ ಹೆಣಗಳು ರಾಶಿಬಿದ್ದಿವೆ ಎಂದು ಹೆದರಿ ಮೇಲೆ ಬಂದ. ತಾನೇ ಇಳಿದು ನೋಡಿದ ಕ್ಯಾಪ್ಟನ್‌ಗೆ ಅವು ಎರಡು ಸಾವಿರ ವರ್ಷಗಳ ಹಿಂದೆ ಮುಳುಗಿದ ಹಡಗೊಂದರ ಪ್ರತಿಮೆಗಳೆಂದು ತಿಳಿಯಿತು. ಸಾಕ್ಷಿಯಾಗಿ ಕಂಚಿನ ತೋಳೊಂದನ್ನು ಮೇಲೆ ತಂದ. ಗ್ರೀಕ್ ಸರ್ಕಾರ ಇದೇ ಮುಳುಗುಗಾರರನ್ನು ನೇಮಿಸಿಕೊಂಡು ಆ ವರ್ಷದ ನವೆಂಬರಿನಿಂದ 1901ರವರೆಗೆ ನಡೆಸಿದ ಕಾರ್ಯಾಚರಣೆಯಲ್ಲಿ ಒಬ್ಬ ಸತ್ತ, ಇಬ್ಬರು ಅಂಗವಿಕಲರಾದರು. ಮೇಲೆ ಬಂದ ವಸ್ತುಗಳಲ್ಲಿ ಯುವಕನೊಬ್ಬನ ಸುಪ್ರಸಿದ್ಧ ಕಂಚಿನ ಪ್ರತಿಮೆಯಿತ್ತು. ಹಸಿರು ಕಿಲುಬು ಹಿಡಿದ ಲೋಹದ ಮುದ್ದೆಯೊಂದೂ ಇತ್ತು. 1902ರಲ್ಲಿ ಅದರಲ್ಲಿ ಹಲ್ಲುಚಕ್ರ ಕಾಣಿಸಿ, ಮುಂದೆ ದಶಕಗಳ ಅಧ್ಯಯನ ಮತ್ತು ಕ್ಷಕಿರಣ ಪರೀಕ್ಷೆಗಳಿಂದ ಅದು ಸೂರ್ಯ ಚಂದ್ರರ ಚಲನೆಯನ್ನೂ ಗ್ರಹಣಗಳನ್ನೂ ಲೆಕ್ಕಹಾಕುವ, ಮೂವತ್ತು ಹಲ್ಲುಚಕ್ರಗಳು ಇಂದಿಗೂ ಉಳಿದಿರುವ ಗಣಕಯಂತ್ರವೆಂದು ಸಿದ್ಧವಾಯಿತು. 'ಆಂಟಿಕಿಥೀರ ಯಂತ್ರ' ಎಂಬ ಹೆಸರಿನಲ್ಲಿ ಅದು ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ. ಪ್ರಾಚೀನ ಜಗತ್ತಿನ ತಂತ್ರಜ್ಞಾನದ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿದ ಈ ವಸ್ತುವಿನ ಕಥೆ ಹೇಳುವಾಗ ವಿದ್ವಾಂಸರ ಹೆಸರುಗಳು ಧಾರಾಳವಾಗಿ ಬರುತ್ತವೆ. ಅದನ್ನು ತಳದಿಂದ ಎತ್ತಿದವರಿಗೂ ಅಷ್ಟೇ ಗೌರವ ಸಲ್ಲಬೇಕು.

ದಕ್ಕೆಯಲ್ಲಿ ಇಳಿದ ಪ್ರವಾಸಿಗನಿಗೆ ಈ ಇತಿಹಾಸ ಮನೆಗಳ ರೂಪದಲ್ಲೇ ಓದಲು ಸಿಗುತ್ತದೆ. ಯಾಲೋಸ್ ವರ್ತಕರ ಮತ್ತು ಹಡಗುಗಳ ಭಾಗವಾದರೆ, ಬೆಟ್ಟದ ಬೆನ್ನಿನ ಮೇಲಿರುವ ಹೊರ್ಯೊ ಮೂಲ ಹಳ್ಳಿ. ಕಡಲ್ಗಳ್ಳರ ಭಯವಿದ್ದ ಕಾಲದಲ್ಲಿ ಏಜಿಯನ್ ದ್ವೀಪಗಳ ಜನ ಸಮುದ್ರದ ಅಂಚನ್ನು ಬಿಟ್ಟು ಎತ್ತರದ ಕೋಟೆಯ ಸುತ್ತ ಮನೆ ಮಾಡಿಕೊಳ್ಳುತ್ತಿದ್ದುದು ವಾಡಿಕೆ, ಸಿಮಿಯೂ ಅದಕ್ಕೆ ಹೊರತಲ್ಲ. ಎರಡು ಭಾಗಗಳನ್ನು ಜೋಡಿಸುವುದು ಕಲಿ ಸ್ತ್ರಾತ ಎಂಬ ಅಗಲವಾದ ಕಲ್ಲಿನ ಮೆಟ್ಟಿಲ ದಾರಿ. ಸುಮಾರು ಐನೂರು ಮೆಟ್ಟಿಲುಗಳ ಈ ದಾರಿಯ ಇಕ್ಕೆಲಗಳಲ್ಲಿ ದುರಸ್ತಿಯಾಗಿ ಬಣ್ಣ ತುಂಬಿದ ಮನೆಯ ಪಕ್ಕದಲ್ಲೇ ಮಾಡು ಕುಸಿದು, ಒಳಗೆ ಅಂಜೂರದ ಗಿಡ ಬೆಳೆದ ಮನೆಯಿದೆ. ಎರಡರ ಮುಂಭಾಗವೂ ಒಂದೇ ಅಚ್ಚಿನದು. ಬಿಸಿಲೇರುವ ಮುನ್ನ ಅಥವಾ ಇಳಿಹೊತ್ತಿನಲ್ಲಿ ಹತ್ತುವುದು ಸೂಕ್ತ, ಏಕೆಂದರೆ ಬೇಸಿಗೆಯ ನಡುಹಗಲಲ್ಲಿ ಸುತ್ತಲಿನ ಬಂಡೆಗಳು ಕಾದು ಬಂದರಿನ ಬಟ್ಟಲು ಒಲೆಯಂತಾಗುತ್ತದೆ. ಮಧ್ಯಾಹ್ನದ ಆ ಹೊತ್ತಿನಲ್ಲಿ ಊರಿನವರು ಅಂಗಡಿ ಮುಚ್ಚಿ ಮಲಗುತ್ತಾರೆ; ಆಗ ಗಲಾಟೆ ಮಾಡುವುದನ್ನು ಅವರು ಅಸಭ್ಯತೆಯೆಂದೇ ಭಾವಿಸುತ್ತಾರೆ.

ಹೊರ್ಯೊದ ಓಣಿಗಳು ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದಷ್ಟು ಕಿರಿದಾಗಿದ್ದು, ಯೋಜನೆಯಿಲ್ಲದೆ ಬೆಳೆದಂತೆ ಕಂಡರೂ ಗಾಳಿ ಬಿಸಿಲುಗಳ ಲೆಕ್ಕಾಚಾರ ಅವುಗಳ ತಿರುವುಗಳಲ್ಲಿದೆ. ಮನೆಯ ಎತ್ತರದ ಗೋಡೆಯೊಳಗೆ ಒಂದು ಅಂಗಳ, ಆ ಅಂಗಳಕ್ಕೆ ಕಪ್ಪು ಬಿಳಿ ಬೆಣಚುಕಲ್ಲುಗಳನ್ನು ಲಂಬವಾಗಿ ನಾಟಿ ಮೂಡಿಸಿದ ಚಿತ್ತಾರದ ನೆಲ. 'ಖೊಖ್ಲಾಕಿ' ಎಂದು ಕರೆಯಲಾಗುವ ಈ ಕೆಲಸ ದೊಡೆಕನೀಸ್ ದ್ವೀಪಗಳ ಹೆಮ್ಮೆ. ಸಮುದ್ರದ ದಂಡೆಯಲ್ಲಿ ಅಲೆಗಳು ಉರುಟಾಗಿಸಿದ, ಒಂದೇ ಗಾತ್ರದ ಕಲ್ಲುಗಳನ್ನು ಆರಿಸಿ ತಂದು, ಗಾರೆಯ ಮೇಲೆ ಒಂದೊಂದನ್ನೇ ಒತ್ತಿ ಹೂಬಳ್ಳಿ, ನಕ್ಷತ್ರ, ಸೈಪ್ರೆಸ್ ಮರಗಳ ಆಕೃತಿ ಬಿಡಿಸುತ್ತಾರೆ. ಚರ್ಚುಗಳ ಅಂಗಳಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಅಂದಕ್ಕೆ ಮಾತ್ರ ಮಾಡಿದ್ದೆಂದು ತೋರುವ ಈ ನೆಲದ ಕೆಳಗೆ ಮನೆಯ ಪ್ರಾಣವೇ ಅಡಗಿರುತ್ತಿತ್ತು, ಅದು ಮಳೆನೀರಿನ ತೊಟ್ಟಿ. ಹೊಳೆಯಾಗಲಿ ಸಾಕಷ್ಟು ಬಾವಿಯಾಗಲಿ ಇಲ್ಲದ ಊರಿನಲ್ಲಿ ಚಳಿಗಾಲದ ಮಳೆ ಮಾಡಿನಿಂದ ಇಳಿದು ಅಂಗಳದಡಿಯ ತೊಟ್ಟಿಗೆ ಸೇರುತ್ತಿತ್ತು, ಮುಂದಿನ ಬೇಸಿಗೆ ಪೂರ್ತಿ ಅದರಲ್ಲೇ ಕಳೆಯಬೇಕಿತ್ತು. ಹಡಗಿನಲ್ಲಿ ನೀರು ತರಿಸಿಕೊಂಡ ಕಾಲವನ್ನೂ ದ್ವೀಪ ಕಂಡಿದೆ. ಈಗ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕವಿದ್ದರೂ, ಅಲ್ಲಿ ತಂಗುವವರು ನಲ್ಲಿಯನ್ನು ಮಿತವಾಗಿ ತಿರುಗಿಸುವುದು ಊರಿಗೆ ತೋರಿಸುವ ಗೌರವ.

ಈ ದ್ವೀಪಗಳ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಪದ್ಧತಿ ಗಮನಾರ್ಹ. ದೊಡೆಕನೀಸಿನ ಹಲವು ದ್ವೀಪಗಳಲ್ಲಿ ಮನೆ ತಾಯಿಯಿಂದ ಹಿರಿಯ ಮಗಳಿಗೆ ಬಳುವಳಿಯಾಗಿ ಹೋಗುತ್ತಿತ್ತು, ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ನೆಲೆಸುತ್ತಿದ್ದ. ವರ್ಷದ ಅರ್ಧಕಾಲ ಗಂಡಸರು ಸಮುದ್ರದ ಮೇಲಿದ್ದು, ಅವರಲ್ಲಿ ಕೆಲವರು ಮರಳಿ ಬರುವುದೇ ಖಾತ್ರಿಯಿಲ್ಲದ ಸಮಾಜದಲ್ಲಿ ಆಸ್ತಿ, ಮಕ್ಕಳು, ಹರಕೆ, ಸಾಲ ಎಲ್ಲವನ್ನೂ ನಿಭಾಯಿಸುವ ಹೆಂಗಸರ ಕೈಯಲ್ಲೇ ಮನೆ ಇರುವುದು ಸಮುದ್ರದ ಬದುಕಿಗೆ ಹೊಂದುವ ವ್ಯವಸ್ಥೆಯಾಗಿತ್ತು.

ಹೊರ್ಯೊದ ನೆತ್ತಿಯಲ್ಲಿರುವ ಕೋಟೆ, ರೋಡ್ಸಿನಲ್ಲಿ ನೆಲೆಯೂರಿದ್ದ ಸಂತ ಯೋಹಾನರ ಪಂಥದ ಕ್ರೈಸ್ತ ಯೋಧರ ಕಾಲದಲ್ಲಿ ಪುನರ್ನಿರ್ಮಾಣಗೊಂಡದ್ದು. ಅವರ ಲಾಂಛನ ಗೋಡೆಯ ಮೇಲಿದೆ. 1912ರಲ್ಲಿ ಇಟಲಿ ಈ ದ್ವೀಪಗಳನ್ನು ಒಟ್ಟೊಮನ್ನರಿಂದ ಕಸಿದುಕೊಂಡಿತು, ಎರಡನೆಯ ಮಹಾಯುದ್ಧದ ನಡುವೆ ಜರ್ಮನಿ ಬಂತು. 1944ರ ಸೆಪ್ಟೆಂಬರಿನಲ್ಲಿ ಹಿಂದೆ ಸರಿಯುವಾಗ ಜರ್ಮನ್ ಪಡೆ ಕೋಟೆಯಲ್ಲಿದ್ದ ಮದ್ದುಗುಂಡುಗಳನ್ನು ಸ್ಫೋಟಿಸಿದ್ದರಿಂದ ಒಳಗಿನ ಚರ್ಚು ಮತ್ತು ಸುತ್ತಲಿನ ಅಸಂಖ್ಯ ಮನೆಗಳು ನೆಲಸಮವಾದವು. 1945ರ ಮೇ 8ರಂದು ದೊಡೆಕನೀಸ್ ದ್ವೀಪಗಳಲ್ಲಿದ್ದ ಜರ್ಮನ್ ಪಡೆಗಳ ಶರಣಾಗತಿಗೆ ಜನರಲ್ ಒಟ್ಟೊ ವಾಗೆನರ್ ಸಹಿ ಹಾಕಿದ್ದು ಯಾಲೋಸಿನ ದಕ್ಕೆಯ ಮೇಲಿನ ಮನೆಯೊಂದರಲ್ಲಿ. ಅದರ ಗೋಡೆಯ ಮೇಲೆ ಫಲಕವಿದೆ. ಆ ಬಳಿಕ ಬ್ರಿಟಿಷ್ ಆಡಳಿತದಡಿ ಕೆಲಕಾಲವಿದ್ದು, 1948ರ ಮಾರ್ಚ್ 7ರಂದು ದ್ವೀಪಗಳು ವಿಧಿವತ್ತಾಗಿ ಗ್ರೀಸಿನಲ್ಲಿ ವಿಲೀನವಾದವು.

ಆದರೆ ವಿಲೀನದ ಹೊತ್ತಿಗೆ ಊರು ಬಹುಮಟ್ಟಿಗೆ ಖಾಲಿಯಾಗಿತ್ತು. ಹೊಸ ಗಡಿಗಳು ಹಳೆಯ ವ್ಯಾಪಾರ ಮಾರ್ಗಗಳನ್ನು ಕಡಿದಿದ್ದವು, ಹಬೆಹಡಗುಗಳ ಮುಂದೆ ಮರದ ಹಡಗುಗಳಿಗೆ ಬೆಲೆಯಿಲ್ಲವಾಗಿತ್ತು. ಅಮೆರಿಕದ ಫ್ಲೋರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬಲ್ಲಿ 1905ರಿಂದ ಗ್ರೀಕ್ ಮುಳುಗುಗಾರರು ಸ್ಪಂಜು ಉದ್ಯಮವನ್ನು ಬೆಳೆಸಿದಾಗ ಕಾಲಿಮ್ನೋಸ್, ಹಾಲ್ಕಿ ದ್ವೀಪಗಳಿಂದ ಹೋದಂತೆ ಸಿಮಿಯಿಂದಲೂ ಕುಟುಂಬಗಳು ಅಲ್ಲಿಗೆ ವಲಸೆ ಹೋದವು. ಬಳಿಕದ ದಶಕಗಳಲ್ಲಿ ಆಸ್ಟ್ರೇಲಿಯವೂ ಅನೇಕರನ್ನು ಸೆಳೆಯಿತು. ಕೃತಕ ಸ್ಪಂಜು ಬಂದು ಬೇಡಿಕೆ ಕುಸಿಯಿತು, 1986ರ ಸುಮಾರಿಗೆ ಮೆಡಿಟರೇನಿಯನ್ ಸ್ಪಂಜುಗಳಿಗೆ ತಗುಲಿದ ರೋಗ ಉಳಿದಿದ್ದನ್ನೂ ನಾಶಮಾಡಿತು. ಇಂದು ದಕ್ಕೆಯ ಅಂಗಡಿಗಳಲ್ಲಿ ಬುಟ್ಟಿ ತುಂಬ ಕಾಣುವ ಸ್ಪಂಜುಗಳಲ್ಲಿ ಬೇರೆ ಸಮುದ್ರಗಳಿಂದ ತಂದವೂ ಇರುತ್ತವೆ. ಕೊಳ್ಳುವವರು ಬಿಳಿಚಿಸಿದ ಹಳದಿ ಸ್ಪಂಜಿಗಿಂತ ಸಹಜ ಕಂದು ಬಣ್ಣದ್ದನ್ನು ಆರಿಸುವುದು ಒಳಿತು, ಏಕೆಂದರೆ ರಾಸಾಯನಿಕದಲ್ಲಿ ಅದ್ದಿದ ನಾರು ಬೇಗ ಸವೆಯುತ್ತದೆ.

ಊರಿನ ಚೆಲುವು ಉಳಿದದ್ದಕ್ಕೂ ಈ ಬಡತನವೇ ಒಂದು ಕಾರಣ ಎಂಬುದನ್ನು ಒಪ್ಪಬೇಕಾಗುತ್ತದೆ. ಹಣವಿದ್ದಿದ್ದರೆ ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟು ಏಳುತ್ತಿತ್ತು. ಜನರೇ ಬಿಟ್ಟುಹೋದ್ದರಿಂದ ಮನೆಗಳು ಪಾಳುಬಿದ್ದವೇ ಹೊರತು ರೂಪಗೆಡಲಿಲ್ಲ. ಮುಂದೆ ಗ್ರೀಕ್ ಸರ್ಕಾರ ಊರನ್ನು ಸಂರಕ್ಷಿತ ಸಾಂಪ್ರದಾಯಿಕ ನೆಲೆಯೆಂದು ಘೋಷಿಸಿದ್ದರಿಂದ, ದುರಸ್ತಿ ಮಾಡುವವರು ಹಳೆಯ ಆಕಾರವನ್ನು ಕಾಯ್ದುಕೊಳ್ಳಲೇಬೇಕಾಯಿತು. ಪ್ರವಾಸೋದ್ಯಮ ಅನೇಕ ಮನೆಗಳಿಗೆ ಮರುಜೀವ ಕೊಟ್ಟಿದೆ. ಅದೇ ಪ್ರವಾಸೋದ್ಯಮದಿಂದಾಗಿ ಬೇಸಿಗೆಯ ಬೆಳಗ್ಗೆ ರೋಡ್ಸಿನಿಂದ ಬರುವ ಹಡಗುಗಳು ಸಾವಿರಾರು ಜನರನ್ನು ದಕ್ಕೆಗೆ ಇಳಿಸಿ, ಮಧ್ಯಾಹ್ನ ಮುಗಿಯುವಷ್ಟರಲ್ಲಿ ಹತ್ತಿಸಿಕೊಂಡು ಹೋಗುತ್ತವೆ. ಇವರಲ್ಲಿ ಬಹಳ ಮಂದಿ ದಕ್ಕೆಯಿಂದ ಮೇಲೆ ಏರುವುದೇ ಇಲ್ಲ. ಹೊರ್ಯೊದ ಹಳೆಯ ಔಷಧಾಲಯ, ಪ್ರಾಚೀನ ವಸ್ತುಗಳ ಸಂಗ್ರಹಾಲಯ, ಬೆಟ್ಟದ ಏಣಿನ ಮೇಲೆ ಸಾಲಾಗಿ ನಿಂತ ಪಾಳು ಗಾಳಿಗಿರಣಿಗಳು, ಆ ಕಡೆಯ ಇಳಿಜಾರಿನಾಚೆ ಮೀನುಗಾರರ ಪೆದಿ ಕೊಲ್ಲಿ, ಇವೆಲ್ಲ ಅವರ ಪಾಲಿಗೆ ಇಲ್ಲದ ಹಾಗೆಯೇ.

ದ್ವೀಪದ ದಕ್ಷಿಣ ತುದಿಯ ಪನೊರ್ಮಿತಿಸ್ ಮಠವನ್ನೂ ಹಡಗಿನವರು ಅವಸರದಲ್ಲಿ ತೋರಿಸುತ್ತಾರೆ, ಅದಕ್ಕೆ ಬಿಡುವಾಗಿ ಹೋಗಬೇಕು. ಬಹುತೇಕ ಮುಚ್ಚಿಕೊಂಡ ಕೊಲ್ಲಿಯೊಂದರ ದಡದಲ್ಲಿರುವ, ನಾವಿಕರ ರಕ್ಷಕನೆಂದು ಇಡೀ ದೊಡೆಕನೀಸ್ ನಂಬುವ ದೇವದೂತ ಮಿಖಾಯಿಲನ ಈ ಮಠಕ್ಕೆ ಜನ ದೂರದ ದ್ವೀಪಗಳಿಂದ ಹರಕೆ ಹೊತ್ತು ಬರುತ್ತಾರೆ. ಪೊರಕೆಯನ್ನು ಹರಕೆಯಾಗಿ ಒಪ್ಪಿಸುವ ವಿಶಿಷ್ಟ ಸಂಪ್ರದಾಯ ಇಲ್ಲಿದೆ. ಬಾಟಲಿಯೊಳಗೆ ಪತ್ರ, ಕಾಣಿಕೆಗಳನ್ನಿಟ್ಟು ಸಮುದ್ರಕ್ಕೆ ಬಿಟ್ಟರೆ ಅದು ತಾನೇ ತೇಲಿ ಮಠದ ದಡ ಸೇರುತ್ತದೆಂಬುದು ನಂಬಿಕೆ, ಹಾಗೆ ಬಂದ ಬಾಟಲಿಗಳನ್ನು ಮಠದ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನವೆಂಬರ್ 8 ಇಲ್ಲಿಯ ದೊಡ್ಡ ಹಬ್ಬ. ಮಠವನ್ನು ಪ್ರವೇಶಿಸುವವರು ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಧರಿಸಬೇಕು.

ಊಟದ ವಿಷಯದಲ್ಲಿ ಸಿಮಿಯ ಹೆಸರಿರುವುದು ಕಿರುಬೆರಳಿಗಿಂತ ಚಿಕ್ಕದಾದ, ಸಿಪ್ಪೆ ಸಮೇತ ಎಣ್ಣೆಯಲ್ಲಿ ಕರಿದು ಬಾಯಿಗೆ ಹಾಕಿಕೊಳ್ಳುವ ಸಿಗಡಿಗೆ. ಮಾಂಸಾಹಾರ ಬಿಟ್ಟವರು ಚಿಂತಿಸಬೇಕಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ದಿನಗಳು ವರ್ಷದಲ್ಲಿ ಬಹಳವಿದ್ದು, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆಗಳು ಅವರ ಪದ್ಧತಿಯಲ್ಲೇ ಇವೆ: ಹಳದಿ ಬಟಾಣಿ ಬೇಳೆಯನ್ನು ಬೇಯಿಸಿ ಅರೆದು ಆಲಿವ್ ಎಣ್ಣೆ, ಈರುಳ್ಳಿ ಸೇರಿಸಿದ 'ಫಾವಾ', ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿದ ಕಡುಬು, ಟೊಮೆಟೊ ಮತ್ತು ಎಣ್ಣೆಯಲ್ಲಿ ಹದವಾಗಿ ಬೆಂದ ಹುರುಳಿಕಾಯಿ, ಬದನೆಕಾಯಿ. ಊರಿನ ಕಾಫಿ ಅಂಗಡಿಯಲ್ಲಿ ಬೆಳಗ್ಗೆ ಕುಳಿತವರಿಗೆ 'ಕಲಿಮೇರ' ಎಂದು ಶುಭೋದಯ ಹೇಳಿ ಒಳಹೋಗುವುದು ರೂಢಿ, ಅಪರಿಚಿತರಿಂದಲೂ ಆ ಮಾತನ್ನು ನಿರೀಕ್ಷಿಸುತ್ತಾರೆ.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಅಥೆನ್ಸಿನಿಂದ ರೋಡ್ಸಿಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಸಿಮಿಗೆ ಹಡಗಿನ ವೇಗವನ್ನವಲಂಬಿಸಿ ಒಂದರಿಂದ ಎರಡು ಗಂಟೆ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ 'ಮೆಲ್ತೆಮಿ' ಗಾಳಿ ಜೋರಾದಾಗ ಹಡಗುಗಳು ರದ್ದಾಗುವುದುಂಟು, ಆದ್ದರಿಂದ ಮರಳುವ ವಿಮಾನಕ್ಕೂ ಹಡಗಿಗೂ ನಡುವೆ ಒಂದು ದಿನದ ಅಂತರವಿರಲಿ. ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಹಿತಕರ, ಜುಲೈ ಮತ್ತು ಆಗಸ್ಟ್ ಸುಡುವ ಕಾಲ. ರೋಡ್ಸಿನಿಂದ ಬೆಳಗ್ಗೆ ಹೋಗಿ ಸಂಜೆ ಮರಳುವ ಟಿಕೆಟ್ ಅಗ್ಗವೂ ಸುಲಭವೂ ಹೌದು. ಆದರೂ ಸಿಮಿಯನ್ನು ನಿಜವಾಗಿ ನೋಡಬಯಸುವವರು ಆ ಟಿಕೆಟ್ ಕೊಳ್ಳದೆ, ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಹೊರ್ಯೊದ ಹಳೆಯ ಮನೆಯೊಂದರಲ್ಲಿ, ಊರಿನವರಿಗೆ ಬಾಡಿಗೆ ಕೊಟ್ಟು ತಂಗಬೇಕು.